ಅಜ್ಜಿ ಅಳುತ್ತಿರಲಿಲ್ಲ, ಕಲ್ಲು ಆರಿಸುತ್ತಿದ್ದರು

ಪ್ರಶ್ನೆ: ನಾನು ರಾಯಚೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮುಖ ನೋಡಿ ಭಾವನೆ ಹೇಳುವ ಪ್ರಾಜೆಕ್ಟ್ ನಮ್ಮದು. ಫೆರ್-2013 ಅನ್ನುವ, ಭಾವನೆಯ ಹೆಸರು ಹಚ್ಚಿದ ಮುಖಚಿತ್ರಗಳ ಡೇಟಾಸೆಟ್ ಬಳಸಿದ್ದೇವೆ, ಅದರಿಂದ ಕಲಿತ ಮಾಡೆಲ್ 67 ಪರ್ಸೆಂಟ್ ಸರಿ ಹೇಳುತ್ತಿದೆ. ಸೀನಿಯರ್ ಒಬ್ಬರು ಸಿಕೆ ಪ್ಲಸ್ ಅನ್ನುವ ಡೇಟಾದಲ್ಲಿ 97 ತಂದಿದ್ದರಂತೆ. ಮೊನ್ನೆ ಮನೆಯಲ್ಲಿ ಲ್ಯಾಪ್‌ಟಾಪ್ ಕ್ಯಾಮೆರಾ ಅಜ್ಜಿಯ ಕಡೆ ತಿರುಗಿಸಿದೆ. ಅವರು ಬಾಗಿಲ ಹತ್ತಿರ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಸ್ಕ್ರೀನ್ ಮೇಲೆ ‘ದುಃಖ 0.71’ ಅಂತ ಬಂತು. ಹೇಳಿದರೆ ಅಜ್ಜಿ ‘ನಾ ಎಲ್ಲಿ ಅಳಾಕತ್ತೀನಿ? ಕಲ್ಲು ನೋಡಾಕತ್ತೀನಿ’ ಅಂದರು. ಹೊಲದಲ್ಲಿ ತೆಗೆದ ಅಪ್ಪನ ಫೋಟೊಗಳಿಗೆಲ್ಲ ‘ಕೋಪ’ ಅಂತಲೇ ಬರುತ್ತದೆ. ಈಗ ಒಂದು ಖಾಸಗಿ ಶಾಲೆಯವರು ಇದನ್ನು ತರಗತಿಯಲ್ಲಿ ಹಾಕಿ, ಯಾವ ಮಗು ಗಮನ ಕೊಡುತ್ತಿದೆ, ಯಾವುದಕ್ಕೆ ಬೇಜಾರಾಗಿದೆ ಅಂತ ತೋರಿಸಲು ಕೇಳಿದ್ದಾರೆ. ‘ಭಾವನೆ ಇರೋದು ಆರೇ, ಎಲ್ಲ ಜನರ ಮುಖದಲ್ಲೂ ಅವು ಒಂದೇ ಥರ, ಅದು ಸಾಬೀತಾಗಿದೆ’ ಅನ್ನುತ್ತಾರೆ ನಮ್ಮ ಗೈಡ್ ಸರ್. ತಪ್ಪು ಮಾಡೆಲ್‌ದೋ, ಡೇಟಾದ್ದೋ? ಶಾಲೆಗೆ ಹೂಂ ಅನ್ನಲೇ?

ಉತ್ತರ: ನಿಮ್ಮ ಮಾಡೆಲ್ ಕೆಟ್ಟದಾಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 67 ಅನ್ನುವ ಅಂಕಿ ನಿಮ್ಮನ್ನು ಜಾಸ್ತಿ ಕಾಡುತ್ತಿರುವಂತೆ ಕಾಣುತ್ತದೆ. ಅಜ್ಜಿ ಹೇಳಿದ್ದೂ ಸರಿ. ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತದೆ ಅನ್ನುವುದೇ ನೀವು ಬಿಡಿಸಿಕೊಳ್ಳಬೇಕಾದ ಗಂಟು.

ಸ್ವಲ್ಪ ಹೊತ್ತು ಕಂಪ್ಯೂಟರ್ ಪಕ್ಕಕ್ಕಿಡಿ. ಮುಖದ ಬಗ್ಗೆ ನಾವು ದಿನಾ ಆಡುವ ಮಾತು ನೆನಪು ಮಾಡಿಕೊಳ್ಳಿ. ಹುಬ್ಬು ಗಂಟಿಕ್ಕಿದ. ಹುಬ್ಬು ಹಾರಿಸಿದಳು. ಮೂಗು ಮುರಿದರು. ತುಟಿ ಕಚ್ಚಿಕೊಂಡಳು. ಹಲ್ಲು ಕಿರಿದ. ಇನ್ನೊಂದು ಕಡೆ, ಮುಖ ಬಾಡಿದೆ. ಮುಖ ಅರಳಿತು. ಪೆಚ್ಚು ಮೋರೆ ಹಾಕಿಕೊಂಡು ಬಂದ. ಮೊದಲ ಸಾಲಿನ ಮಾತುಗಳು ಚರ್ಮದ ಕೆಳಗೆ ಏನು ಅಲುಗಿತು ಅಂತ ಹೇಳುತ್ತವೆ. ಅದನ್ನು ಯಾರು ಬೇಕಾದರೂ ನೋಡಿ ಪರೀಕ್ಷಿಸಬಹುದು. ಎರಡನೇ ಸಾಲಿನವು ಆ ಮುಖದ ಬಗ್ಗೆ ನಮ್ಮ ಊಹೆ. ‘ಮುಖ ಬಾಡಿದೆ’ ಅನ್ನುವವರಿಗೆ ಆ ಹುಡುಗ ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಫಲಿತಾಂಶ ಬಂದಿದೆ ಅನ್ನುವುದೆಲ್ಲ ಗೊತ್ತಿರುತ್ತದೆ. ಬರೀ ಮುಖ ನೋಡಿ ಅವರು ಹಾಗೆ ಹೇಳಿರುವುದಿಲ್ಲ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಈ ಎರಡು ಕೆಲಸ ಒಂದಾಗಿಬಿಟ್ಟಿವೆ. ಕ್ಯಾಮೆರಾಕ್ಕೆ ಕಾಣುವುದು ಮೊದಲ ಸಾಲು ಮಾತ್ರ. ನೀವು ಅದರ ಬಾಯಲ್ಲಿ ಎರಡನೇ ಸಾಲು ಹೇಳಿಸುತ್ತಿದ್ದೀರಿ.

ಅಜ್ಜಿಯ ಮುಖದಲ್ಲಿ ಆ ಹೊತ್ತು ಏನೇನು ಇತ್ತು ನೋಡೋಣ. ಮೊರ ಮಡಿಲಲ್ಲಿದೆ, ತಲೆ ಬಗ್ಗಿದೆ. ತಲೆ ಬಗ್ಗಿದಾಗ ಹುಬ್ಬು ಕಣ್ಣಿಗೆ ಹತ್ತಿರ ಬಂದಂತೆ ಕಾಣುತ್ತದೆ. ಒಂದು ಸ್ನಾಯುವೂ ಅಲುಗಿರುವುದಿಲ್ಲ, ಬದಲಾದದ್ದು ಕೋನ ಮಾತ್ರ. ರೆಪ್ಪೆ ಅರ್ಧ ಮುಚ್ಚಿದೆ, ಯಾಕೆಂದರೆ ನೋಟ ಬೇಳೆಯ ಮೇಲಿದೆ. ವಯಸ್ಸಾದಂತೆ ಕೆನ್ನೆ ಇಳಿದು, ಮೂಗಿನ ಪಕ್ಕದಿಂದ ಗಲ್ಲದವರೆಗೆ ಗೆರೆ ಬಿದ್ದಿರುತ್ತದೆ. ಸಣ್ಣ ಕಲ್ಲು ಹುಡುಕುವಾಗ ಹುಬ್ಬು ತಾನಾಗಿಯೇ ಕೂಡುತ್ತದೆ. ಇವೆಲ್ಲ ಸೇರಿದರೆ, ಡೇಟಾದಲ್ಲಿ ‘ದುಃಖ’ ಅಂತ ಹೆಸರು ಹಚ್ಚಿದ ಫೋಟೊಗಳಿಗೆ ಬಹಳ ಹತ್ತಿರ. ಮಾಡೆಲ್ ತಾನು ಕಲಿತದ್ದನ್ನು ಸರಿಯಾಗಿಯೇ ಒಪ್ಪಿಸಿದೆ.

ಅಪ್ಪನದು ಇನ್ನೂ ಸುಲಭ. ರಾಯಚೂರಿನ ಬಿಸಿಲಿಗೆ ಯಾರ ಹುಬ್ಬು ಗಂಟು ಹಾಕಿಕೊಳ್ಳುವುದಿಲ್ಲ ಹೇಳಿ? ಬೆಳಕು ಕಣ್ಣಿಗೆ ಚುಚ್ಚಿದಾಗ ಹುಬ್ಬು ಕೆಳಗಿಳಿದು ಕಣ್ಣಿಗೆ ನೆರಳು ಕೊಡುತ್ತದೆ. ಕೋಪದಲ್ಲಿ ಹುಬ್ಬು ಇಳಿಸುವುದೂ ಅದೇ ಸ್ನಾಯು. ಲೆಕ್ಕ ಬಿಡಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಅಲುಗುವುದೂ ಅದೇ. ಚಾರ್ಲ್ಸ್ ಡಾರ್ವಿನ್ ಇದನ್ನು 1872ರಲ್ಲೇ ಬರೆದಿಟ್ಟಿದ್ದಾರೆ. ಯೋಚನೆಯ ದಾರಿಯಲ್ಲಿ ತೊಡಕು ಬಂದಾಗ ಮನುಷ್ಯ ಹುಬ್ಬು ಗಂಟಿಕ್ಕುತ್ತಾನೆ ಅಂತ. ತರಗತಿಯ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈಗ ‘ಆರೇ ಭಾವನೆ, ಎಲ್ಲರಿಗೂ ಒಂದೇ’ ಅನ್ನುವ ಮಾತು. ಸಂತೋಷ, ದುಃಖ, ಕೋಪ, ಭಯ, ಆಶ್ಚರ್ಯ, ಜುಗುಪ್ಸೆ, ಇವೇ ಆ ಆರು. ನಿಮ್ಮ ಸರ್ ಇದನ್ನು ಗಾಳಿಯಿಂದ ತಂದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಮಾಡಿದ ಕೆಲಸ 1971ರಲ್ಲಿ ಪ್ರಕಟವಾಯಿತು. ಹೊರಗಿನ ಸಂಪರ್ಕ ಕಡಿಮೆ ಇದ್ದ ಜನರಿಗೆ ಒಂದು ಪುಟ್ಟ ಕತೆ ಹೇಳಿ, ಕೆಲವು ಫೋಟೊ ಮುಂದಿಟ್ಟು, ‘ಇವುಗಳಲ್ಲಿ ಈ ಕತೆಗೆ ಯಾವ ಮುಖ’ ಅಂತ ಕೇಳಿದರು. ಹೆಚ್ಚಿನವರು ನಿರೀಕ್ಷಿಸಿದ ಮುಖವನ್ನೇ ಆರಿಸಿದರು. ಅದು ದೊಡ್ಡ ಕೆಲಸವೇ. ಆದರೆ ಒಳಗೆ ಇಳಿದು ನೋಡಿದರೆ ಎರಡು ವಿಷಯ ಕಾಣುತ್ತವೆ. ದೊಡ್ಡವರಿಗೆ ಭಯದ ಮುಖವನ್ನು ಆಶ್ಚರ್ಯದ ಮುಖದಿಂದ ಬೇರೆ ಮಾಡಲು ಆಗಲಿಲ್ಲ. ಮತ್ತೆ, ಉತ್ತರ ಮುಂದೆ ಇಟ್ಟಿದ್ದ ಮೂರರಲ್ಲೇ ಇತ್ತು. ಮೂರರಲ್ಲಿ ಒಂದು ಆರಿಸಿ ಅನ್ನುವುದೂ, ‘ಈ ಮುಖದಲ್ಲಿ ಏನಿದೆ, ನೀವೇ ಹೇಳಿ’ ಅನ್ನುವುದೂ ಒಂದೇ ಪರೀಕ್ಷೆ ಅಲ್ಲ ಅಲ್ವಾ?

ಡಾರ್ವಿನ್ ಈ ಎರಡನೇ ಪರೀಕ್ಷೆಯನ್ನೂ ಮಾಡಿ ನೋಡಿದ್ದರು. ಫ್ರಾನ್ಸಿನ ವೈದ್ಯ ಡುಶೆನ್ ಒಬ್ಬ ಮುದುಕನ ಮುಖದ ಸ್ನಾಯುಗಳಿಗೆ ಸಣ್ಣ ವಿದ್ಯುತ್ ಹರಿಸಿ ಫೋಟೊ ತೆಗೆಸಿದ್ದರು, 1862ರಲ್ಲಿ ಅದನ್ನು ಅಚ್ಚು ಹಾಕಿದರು. ಅವುಗಳಲ್ಲಿ ಕೆಲವನ್ನು ಡಾರ್ವಿನ್ ಏನೂ ಹೇಳದೆ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿದರು. ಕೆಲವು ಮುಖಗಳನ್ನು ಹೆಚ್ಚುಕಡಿಮೆ ಎಲ್ಲರೂ ತಟ್ಟನೆ ಗುರುತಿಸಿದರು. ಇನ್ನು ಕೆಲವಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ವಿವರಣೆ ಓದದೆ ನೋಡಿದ್ದರೆ ತಾನೂ ಗೊಂದಲಕ್ಕೆ ಬೀಳುತ್ತಿದ್ದೆ ಅಂತ ಅವರು ಒಪ್ಪಿಕೊಂಡಿದ್ದಾರೆ. ನನಗೆ ಆ ಮಾತು ಬಹಳ ಇಷ್ಟ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅದನ್ನು ಮೊದಲ ದಿನವೇ ಹೇಳುತ್ತೇನೆ.

ಇತ್ತೀಚಿನ ಲೆಕ್ಕವೂ ಇದೆ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು ಸೇರಿ ಅದುವರೆಗಿನ ಸಂಶೋಧನೆಗಳನ್ನು ಒಟ್ಟು ಮಾಡಿ ನೋಡಿದರು. ಮೊದಲು ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ ಇದ್ದ ಐವರು ಅವರು. ಕೋಪ ಬಂದಾಗ ಜನ ನಿಜವಾಗಿ ಹುಬ್ಬು ಗಂಟಿಕ್ಕುವುದು ಶೇಕಡ 30ರ ಆಸುಪಾಸು ಸಲ ಮಾತ್ರ. ಉಳಿದ ಸಲ ಸುಮ್ಮನಿರುತ್ತಾರೆ, ನಗುತ್ತಾರೆ, ಎದ್ದು ಹೋಗುತ್ತಾರೆ, ಅಳುತ್ತಾರೆ. ನಮ್ಮ ಮನೆಗಳಲ್ಲಿ ಸಿಟ್ಟು ಬಂದ ಹೆಂಗಸರು ಪಾತ್ರೆ ಸದ್ದು ಮಾಡುತ್ತಾರೆ, ಮುಖದಲ್ಲಿ ಏನೂ ಇರುವುದಿಲ್ಲ. ಅದು ಯಾವ ಡೇಟಾಸೆಟ್‌ನಲ್ಲಿದೆ?

ಹಾಗಂತ ಮುಖದಲ್ಲಿ ಏನೂ ಇಲ್ಲ ಅಂತಲ್ಲ. ಮುಖಕ್ಕೂ ಭಾವನೆಗೂ ನಂಟಿದೆ. ಬೆರಳಚ್ಚಿಗೂ ಮನುಷ್ಯನ ಗುರುತಿಗೂ ಇರುವಷ್ಟು ಗಟ್ಟಿ ನಂಟು ಅಲ್ಲ ಅಷ್ಟೆ. ಇನ್ನೊಂದು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ‘ಕಣ್ಣು ನಗದಿದ್ದರೆ ಅದು ಸುಳ್ಳು ನಗು’. ಇದು ಡುಶೆನ್ ಕಾಲದಿಂದ ಬಂದದ್ದು. ಆದರೆ ಜೋರಾಗಿ ನಕ್ಕಂತೆ ಮಾಡಿದರೂ ಕೆನ್ನೆ ಮೇಲೇರಿ ಕಣ್ಣಂಚು ಸುಕ್ಕಾಗುತ್ತದೆ, ಬಹಳ ಜನ ಬೇಕೆಂದೇ ಕಣ್ಣಲ್ಲಿ ನಗಬಲ್ಲರು. ಇದನ್ನು ನಂಬಿ ಸುಳ್ಳು ಹಿಡಿಯುವ ಯಂತ್ರ ಮಾಡಲು ಹೋಗಬೇಡಿ.

67 ಮತ್ತು 97ರ ವಿಷಯ. ನಾನು ಹುಟ್ಟಿದ್ದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ಬಯಲಾಟ ಇರುತ್ತಿತ್ತು. ದುರ್ಯೋಧನನ ಪಾತ್ರದವರು ಹುಬ್ಬಿನ ಮೇಲೆ ಕಾಡಿಗೆಯಿಂದ ಇನ್ನೊಂದು ಹುಬ್ಬು ಬರೆದುಕೊಳ್ಳುತ್ತಿದ್ದರು, ಬೆರಳಿನಷ್ಟು ದಪ್ಪ. ಹತ್ತಿರದಿಂದ ನೋಡಿದರೆ ಹೆದರಿಕೆ ಆಗುತ್ತಿತ್ತು. ಆದರೆ ಹಿಂದೆ ಬಂಡಿಯ ಮೇಲೆ ಕೂತವರಿಗೂ ಆ ಸಿಟ್ಟು ಮುಟ್ಟಬೇಕಿತ್ತು, ಅದಕ್ಕೇ ಅಷ್ಟು ದಪ್ಪ. ಬೆಳಿಗ್ಗೆ ಅದೇ ಮನುಷ್ಯ ಹೊಲದ ಬದುವಿನಲ್ಲಿ ನೀರಿನ ಪಾಲಿಗಾಗಿ ಜಗಳ ಆಡಿದಾಗ ಮುಖ ಬೇರೆಯೇ ಇರುತ್ತಿತ್ತು. ದವಡೆ ಸ್ವಲ್ಪ ಬಿಗಿ, ಅಷ್ಟೇ.

ಸೀನಿಯರ್ ಬಳಸಿದ ಸಿಕೆ ಪ್ಲಸ್‌ನಲ್ಲಿರುವುದು ಬಹುಪಾಲು ಬಯಲಾಟದ ಮುಖ. 2010ರ ಆ ಡೇಟಾದಲ್ಲಿ 123 ಜನರ 593 ವಿಡಿಯೊ ತುಣುಕುಗಳಿವೆ, ಭಾವನೆಯ ಹೆಸರು ಹಚ್ಚಿರುವುದು 327ಕ್ಕೆ. ಹೆಚ್ಚಿನವು ಪ್ರಯೋಗಾಲಯದಲ್ಲಿ ಹೇಳಿ ಮಾಡಿಸಿದವು. ಪ್ರತಿ ತುಣುಕೂ ಸಪ್ಪೆ ಮುಖದಿಂದ ಶುರುವಾಗಿ ಪೂರ್ತಿ ಮುಖಭಾವಕ್ಕೆ ಬಂದು ನಿಲ್ಲುತ್ತದೆ. ಬೆಳಕು ಚೆನ್ನ, ತಲೆ ನೆಟ್ಟಗೆ. ಅಲ್ಲಿ 97 ಬರುವುದರಲ್ಲಿ ಆಶ್ಚರ್ಯ ಇಲ್ಲ. ಜೊತೆಗೆ ಒಂದು ಮಾತು ಕೇಳಿ ನೋಡಿ: ಒಬ್ಬನೇ ವ್ಯಕ್ತಿಯ ಚಿತ್ರಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಬಂದಿದ್ದವಾ? ಬಂದಿದ್ದರೆ ಮಾಡೆಲ್ ಮುಖಭಾವದ ಬದಲು ಮನುಷ್ಯನನ್ನೇ ಗುರುತಿಟ್ಟುಕೊಂಡಿರುತ್ತದೆ. ನನ್ನ ಹತ್ತಿರ ಬರುವ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದೇ. ವ್ಯಕ್ತಿಗಳನ್ನೇ ಬೇರೆ ಮಾಡಿ ಹಂಚಿದರೆ ಅಂಕಿ ಇಳಿಯುತ್ತದೆ, ಆದರೆ ನಿಜ ಆಗುತ್ತದೆ.

ನಿಮ್ಮ ಫೆರ್-2013 ಬೇರೆ ಜಾತಿಯದು. 35,887 ಚಿತ್ರಗಳು, ಒಂದೊಂದೂ 48 ಪಿಕ್ಸೆಲ್ ಅಗಲ, 48 ಎತ್ತರ, ಕಪ್ಪು ಬಿಳುಪು. ಭಾವನೆಯ ಪದಗಳನ್ನು ಗೂಗಲ್‌ನಲ್ಲಿ ಹುಡುಕಿ ಬಂದ ಚಿತ್ರಗಳಿಂದ ಮಾಡಿದ್ದು. ಆ ಮುಖದ ಒಡೆಯರಿಗೆ ಆಗ ಏನನಿಸಿತ್ತು ಅಂತ ಯಾರೂ ಕೇಳಿಲ್ಲ. ‘ಸಂತೋಷ’ಕ್ಕೆ ಒಂಬತ್ತು ಸಾವಿರದ ಹತ್ತಿರ ಚಿತ್ರಗಳಿದ್ದರೆ ‘ಜುಗುಪ್ಸೆ’ಗೆ 547 ಮಾತ್ರ. ಮನುಷ್ಯರನ್ನೇ ಕೂರಿಸಿ ಪರೀಕ್ಷಿಸಿದಾಗ ಅವರೂ 65 ಪರ್ಸೆಂಟ್ ಆಚೀಚೆ ಮಾತ್ರ ಸರಿ ಹೇಳಿದರು. ನಿಮ್ಮ 67 ಅಂದರೆ, ಹೆಸರು ಹಚ್ಚಿದವರ ಜೊತೆ ನಿಮ್ಮ ಮಾಡೆಲ್ ಮನುಷ್ಯರಷ್ಟೇ ಒಪ್ಪುತ್ತಿದೆ ಅಂತ. ಫೋಟೊದಲ್ಲಿರುವವರ ಮನಸ್ಸಿನ ಜೊತೆ ಎಷ್ಟು ಒಪ್ಪುತ್ತದೆ ಅನ್ನುವುದನ್ನು ಆ ಅಂಕಿ ಅಳೆಯುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ಸರಿ ಕಾಣುವ ದಾರಿ, ಪ್ರಾಜೆಕ್ಟನ್ನು ಮೊದಲ ಸಾಲಿನ ಮಾತಿಗೆ ತರುವುದು. ಅಂದರೆ ಭಾವನೆ ಹೇಳಿಸುವ ಬದಲು ಚಲನೆ ಹೇಳಿಸಿ. ಇದಕ್ಕೆ ಒಂದು ಸಿದ್ಧ ಭಾಷೆಯೇ ಇದೆ. ಎಕ್ಮನ್ ಮತ್ತು ಫ್ರೀಸನ್ 1978ರಲ್ಲಿ ಮುಖದ ಚಲನೆಗಳನ್ನು ಬರೆದಿಡುವ ಫ್ಯಾಕ್ಸ್ (FACS) ಅನ್ನುವ ಪದ್ಧತಿ ಹೊರತಂದರು, ಸ್ವೀಡನ್ನಿನ ಅಂಗರಚನಾ ತಜ್ಞ ಯೋರ್ಟ್‌ಶೋ ಅವರ ಕೆಲಸದ ಮೇಲೆ ಕಟ್ಟಿದ್ದು. 2002ರಲ್ಲಿ ಅದನ್ನು ತಿದ್ದಿ ಮತ್ತೆ ತಂದರು. ಅದರಲ್ಲಿ ಪ್ರತಿ ಚಲನೆಗೂ ಒಂದು ನಂಬರ್. ಹುಬ್ಬಿನ ಒಳತುದಿ ಮೇಲೇರಿದರೆ 1, ಹುಬ್ಬು ಇಳಿದು ಕೂಡಿದರೆ 4, ಕೆನ್ನೆ ಏರಿ ಕಣ್ಣಂಚು ಸುಕ್ಕಾದರೆ 6, ಮೂಗು ಸುಕ್ಕಾದರೆ 9, ತುಟಿಯ ತುದಿ ಮೇಲೆ ಹೋದರೆ 12, ಕೆಳಗೆ ಬಂದರೆ 15. ಎಷ್ಟು ಜೋರು ಅನ್ನುವುದಕ್ಕೆ ಎ ಇಂದ ಇ ತನಕ ಐದು ಮಟ್ಟ. ಇಡೀ ಪದ್ಧತಿಯಲ್ಲಿ ಎಲ್ಲೂ ‘ಸಂತೋಷ’ ಅನ್ನುವ ನಂಬರ್ ಇಲ್ಲ. ಅದನ್ನು ಮಾಡಿದವರು ಭಾವನೆ ಆರು ಅಂತ ನಂಬಿದವರೇ, ಆದರೂ ಮುಖ ಬರೆದಿಡುವಾಗ ಹೆಸರು ದೂರ ಇಟ್ಟರು.

ನಮ್ಮ ನಾಟ್ಯಶಾಸ್ತ್ರದಲ್ಲೂ ಹೀಗೇ. ಎಂಟು ಸ್ಥಾಯಿಭಾವ ಎಲ್ಲರಿಗೂ ಗೊತ್ತು. ಆದರೆ ಅದರಲ್ಲೇ ಹುಬ್ಬಿಗೆ ಏಳು ಚಲನೆ, ಮೂಗಿಗೆ ಆರು, ಕೆನ್ನೆಗೆ ಆರು ಅಂತ ಬೇರೆಯಾಗಿ ಎಣಿಸಿದ್ದಾರೆ. ಒಂದೇ ಹುಬ್ಬಿನ ಚಲನೆ ಬೇರೆ ಬೇರೆ ಸಂದರ್ಭಕ್ಕೆ ಬಳಕೆಯಾಗುತ್ತದೆ. ಮುಖ ಕಟ್ಟುವ ನಟರಿಗೆ ಈ ವ್ಯತ್ಯಾಸ ಬೇಕಿತ್ತು, ಮುಖ ಓದುವ ನಿಮಗೂ ಬೇಕು.

ನಾನು ಫ್ಯಾಕ್ಸ್ ಕಲಿಯಲು ನೂರು ಗಂಟೆಯ ಹತ್ತಿರ ಕೂತಿದ್ದೇನೆ, ಹೆಚ್ಚಿನ ಹೊತ್ತು ಕನ್ನಡಿಯ ಮುಂದೆ. ಒಂದು ನಿಮಿಷದ ವಿಡಿಯೊ ಬಿಡದೆ ಗುರುತಿಸಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ನೀವು ಅಷ್ಟು ಮಾಡಬೇಕಿಲ್ಲ. ಓಪನ್‌ಫೇಸ್ ಅನ್ನುವ ತೆರೆದ ತಂತ್ರಾಂಶ 18 ಚಲನೆಗಳನ್ನು ಗುರುತಿಸುತ್ತದೆ. ಗೂಗಲ್‌ನ ಮೀಡಿಯಾಪೈಪ್ ಮುಖದ ಮೇಲೆ 478 ಬಿಂದು ಇಟ್ಟು 52 ಚಲನೆಗಳಿಗೆ ಅಂಕ ಕೊಡುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆದರೆ ಅದರ ಅಂಕಗಳನ್ನು ಫ್ಯಾಕ್ಸ್ ನಂಬರ್ ಅಂತ ಬರೆಯಬೇಡಿ. ಅವು ಗೊಂಬೆಯ ಮುಖ ಕುಣಿಸಲು ಮಾಡಿದ ಅಳತೆಗಳು, ಹತ್ತಿರದ ನೆಂಟರು ಅಷ್ಟೇ.

ಈ ದಾರಿಯಲ್ಲೂ ಎಡವಬಹುದು. ತಲೆ ಬಗ್ಗಿದರೆ, ದಪ್ಪ ಮೀಸೆ ಇದ್ದರೆ, ಕನ್ನಡಕ ಹೊಳೆದರೆ, ಹಿಂದಿನಿಂದ ಬೆಳಕು ಬಿದ್ದರೆ ಚಲನೆಯ ಅಂಕವೂ ತಪ್ಪುತ್ತದೆ. ಅಜ್ಜಿ ಬಾಗಿಲ ಹತ್ತಿರ ಕೂತಿದ್ದರು ಅಂದಿರಿ, ಅಲ್ಲಿ ಬೆಳಕಿನ ತೊಂದರೆಯೂ ಇದ್ದಿರುತ್ತದೆ. ಮುಖ್ಯವಾಗಿ, ಒಬ್ಬೊಬ್ಬರ ಸುಮ್ಮನಿರುವ ಮುಖ ಮೊದಲು ದಾಖಲಿಸಿ, ಅದರಿಂದ ಎಷ್ಟು ಬದಲಾಯಿತು ಅಂತ ಅಳೆಯಿರಿ. ಅಜ್ಜಿಯ ಗೆರೆಗಳು ಎಪ್ಪತ್ತು ವರ್ಷದ್ದೋ, ಈ ಕ್ಷಣದ್ದೋ ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ.

ಇದನ್ನು ನಾನು ನೋವಿನಿಂದ ಕಲಿತೆ. ಬಹಳ ಹಿಂದೆ ಒಂದು ಕಂಪನಿಗೆ ಸಂದರ್ಶನದ ವಿಡಿಯೊಗಳನ್ನು ಗುರುತಿಸಿ ಕೊಡುತ್ತಿದ್ದೆ. ಒಬ್ಬ ಅಭ್ಯರ್ಥಿಯ ತುಟಿ ಮಾತು ಮಾತಿಗೂ ಒಂದೇ ಕಡೆ ಎಳೆಯುತ್ತಿತ್ತು. ಒಂದೇ ಬದಿಯ ಆ ಚಲನೆಯನ್ನು ‘ತಿರಸ್ಕಾರ’ ಅಂತ ಓದುವ ರೂಢಿ ಇತ್ತು, ನಾನೂ ಹಾಗೇ ಬರೆದೆ. ಆಮೇಲೆ ಗೊತ್ತಾಯಿತು, ಅವರಿಗೆ ಹಿಂದೊಮ್ಮೆ ಮುಖದ ಲಕ್ವ ಹೊಡೆದಿತ್ತು. ಇನ್ನೊಂದು ಬದಿಯ ನರ ಪೂರ್ತಿ ಸುಧಾರಿಸಿರಲಿಲ್ಲ, ಅವರು ಮೇಲಕ್ಕೆತ್ತಬಲ್ಲದ್ದೇ ಆ ಒಂದು ಬದಿ. ಅವರು ನಗುತ್ತಿದ್ದರು. ಆ ಸಾಲನ್ನು ತೆಗೆಸಲು ಫೋನ್ ಮಾಡುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಪಾರ್ಕಿನ್ಸನ್ ಇರುವವರ ಮುಖ ಅಲುಗುವುದೇ ಕಡಿಮೆ, ಅವರಿಗೆ ಒಳಗೆ ಏನೂ ಅನಿಸುವುದಿಲ್ಲ ಅಂತ ಅರ್ಥವಾ?

ಪ್ರಾಜೆಕ್ಟ್ ಬದಲಾಯಿಸಲು ಸಮಯ ಇಲ್ಲ, ಗೈಡ್ ಒಪ್ಪುವುದಿಲ್ಲ ಅಂದರೆ ಎರಡನೇ ದಾರಿ. ಈಗಿರುವ ಮಾಡೆಲ್ ಇಟ್ಟುಕೊಳ್ಳಿ, ಆದರೆ ಅದು ಹೇಳುವುದನ್ನು ‘ನೋಡಿದವರು ಈ ಮುಖಕ್ಕೆ ಕೊಡಬಹುದಾದ ಹೆಸರು’ ಅಂತ ಬರೆಯಿರಿ. ಫೆರ್ ಪ್ಲಸ್ ಅನ್ನುವ ಪಟ್ಟಿ ಸಿಗುತ್ತದೆ, ಅದೇ ಚಿತ್ರಗಳಿಗೆ ತಲಾ ಹತ್ತು ಜನರಿಂದ ಹೆಸರು ಹಾಕಿಸಿದ್ದು. ಹತ್ತರಲ್ಲಿ ಆರು ಜನ ದುಃಖ, ನಾಲ್ವರು ಏನೂ ಇಲ್ಲ ಅಂದಿದ್ದರೆ ಆ ಭಿನ್ನಮತವನ್ನೇ ಮಾಡೆಲ್‌ಗೆ ಕಲಿಸಿ. ಇದರ ಅಪಾಯ ಏನೆಂದರೆ, ನೀವು ಎಷ್ಟೇ ಎಚ್ಚರದಿಂದ ಬರೆದರೂ ಡೆಮೊ ನೋಡಿದವರು ಸ್ಕ್ರೀನ್ ಮೇಲಿನ ‘ದುಃಖ’ ಒಂದನ್ನೇ ಓದಿಕೊಂಡು ಹೋಗುತ್ತಾರೆ.

ಶಾಲೆಗೆ ಬೇಡ ಅನ್ನಿ. ಇಲ್ಲಿ ನಾನು ‘ನಿಮ್ಮಿಷ್ಟ’ ಅನ್ನುವುದಿಲ್ಲ. ಗಮನ ಅನ್ನುವುದು ಯಾವುದೋ ಒಂದು ಮುಖಭಾವ ಅಲ್ಲ. ಹುಬ್ಬು ಗಂಟಿಕ್ಕಿದ ಮಗು ಲೆಕ್ಕದಲ್ಲಿ ಮುಳುಗಿರಬಹುದು, ಡಾರ್ವಿನ್ ಮಾತು ನೆನಪಿದೆಯಲ್ಲ. ಕಿಟಕಿ ಕಡೆ ನೋಡುತ್ತಿರುವ ಹುಡುಗಿ ಪ್ರತಿ ಮಾತನ್ನೂ ಕೇಳುತ್ತಿರಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ ನಿಮ್ಮ ಮಾಡೆಲ್ ಮೂರರಲ್ಲಿ ಒಂದು ಸಲ ತಪ್ಪಿದರೆ, ದಿನಕ್ಕೆ ಎಷ್ಟು ಮಕ್ಕಳ ಹೆಸರಿನ ಮುಂದೆ ಸುಳ್ಳು ಬೀಳುತ್ತದೆ? ಕೆಲವೇ ದಿನಗಳಲ್ಲಿ ಮಕ್ಕಳು ಕ್ಯಾಮೆರಾಕ್ಕೆ ಬೇಕಾದ ಮುಖ ಕಲಿತುಬಿಡುತ್ತಾರೆ. ಎಂಟು ವರ್ಷದ ಮಗು ದಿನವಿಡೀ ಬಯಲಾಟದ ಮುಖ ಹೊತ್ತು ಕೂರಬೇಕಾಗುತ್ತದೆ. ಅದು ನನಗೆ ಸಂಕಟದ ವಿಷಯ.

ಹೀಗೆ ಯೋಚಿಸುವವಳು ನಾನೊಬ್ಬಳೇ ಅಲ್ಲ. ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಹೇಳುವ ಭಾಗವನ್ನು ತೆಗೆಯುವುದಾಗಿ ಹೇಳಿತು. ಯುರೋಪಿನ ಒಕ್ಕೂಟದಲ್ಲಿ 2025ರ ಫೆಬ್ರವರಿ 2ರಿಂದ ಶಾಲೆಗಳಲ್ಲಿ, ಕೆಲಸದ ಜಾಗಗಳಲ್ಲಿ ಇಂಥ ವ್ಯವಸ್ಥೆಗೆ ನಿಷೇಧ ಇದೆ, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣ ಬಿಟ್ಟು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಬರೆದಿದೆ. ಶಾಲೆಯವರಿಗೆ ಹೇಳುವಾಗ ಈ ಎರಡು ಮೂರು ವಿಷಯ ಸಾಕು, ಜಗಳ ಬೇಕಿಲ್ಲ. ಅವರಿಗೆ ನಿಜವಾಗಿ ಬೇಕಿರುವುದು ಪಾಠ ಅರ್ಥವಾಯಿತೋ ಇಲ್ಲವೋ ಅನ್ನುವುದು. ಅದಕ್ಕೆ ಪಾಠದ ಕೊನೆಗೆ ಎರಡು ಪ್ರಶ್ನೆ ಕೇಳಿ ಉತ್ತರ ಎಣಿಸುವ ಪುಟ್ಟ ಆ್ಯಪ್ ಮಾಡಿಕೊಡುತ್ತೇನೆ ಅನ್ನಿ.

ಇನ್ನು ವೈವಾ. ನೀವು ಮುಚ್ಚಿಡಬೇಕು ಅಂದುಕೊಂಡಿರುವ ಅಜ್ಜಿಯ ವಿಡಿಯೊವನ್ನೇ ಮೊದಲು ತೋರಿಸಿ. ಒಂದು ಪಕ್ಕ ‘ದುಃಖ 0.71’. ಇನ್ನೊಂದು ಪಕ್ಕ ಚಲನೆಯ ಪಟ್ಟಿ: ತಲೆ ಇಷ್ಟು ಡಿಗ್ರಿ ಬಗ್ಗಿದೆ, ಹುಬ್ಬು ಇಷ್ಟು ಇಳಿದಿದೆ, ತುಟಿಯ ತುದಿ ಸುಮ್ಮನಿರುವ ಮುಖಕ್ಕಿಂತ ಒಂದಿಷ್ಟೂ ಕದಲಿಲ್ಲ. ಕೆಳಗೆ ಅಜ್ಜಿಯ ಮಾತು, ಅವರು ಹೇಳಿದ ಹಾಗೆಯೇ. ಪರೀಕ್ಷಕರು 97 ಯಾಕೆ ಬಂದಿಲ್ಲ ಅಂತ ಕೇಳಿದರೆ ಮೇಲಿನ ಲೆಕ್ಕ ಹೇಳಿ. ನಾನು ಪರೀಕ್ಷಕಳಾಗಿ ಕೂತಾಗ ಇಂಥ ಒಂದು ಸ್ಲೈಡ್‌ಗೆ ಕೊಡುವಷ್ಟು ಅಂಕ ಯಾವ ಪರ್ಸೆಂಟಿಗೂ ಕೊಟ್ಟಿಲ್ಲ.

ವಿಡಿಯೊ ಮತ್ತೆ ತೆಗೆಯುವುದಾದರೆ ಕ್ಯಾಮೆರಾವನ್ನು ಅಜ್ಜಿಯ ಮುಖದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ನೆಲದ ಮೇಲೆ ಪುಸ್ತಕಗಳನ್ನು ಪೇರಿಸಿ ಇಡಿ. ಬಾಗಿಲಿನ ಬೆಳಕು ಅವರ ಮುಖದ ಮೇಲೆ ಬೀಳಲಿ, ಬೆನ್ನಿನ ಮೇಲೆ ಬೇಡ. ಬೇಳೆ ಹಸನು ಮಾಡುವಾಗ ಒಂದು, ಸುಮ್ನೆ ಕೂತಾಗ ಒಂದು, ನಿಮ್ಮ ಜೊತೆ ಹರಟುವಾಗ ಒಂದು ತೆಗೆಯಿರಿ. ಕಾಲೇಜಿನಲ್ಲಿ ಎಲ್ಲರ ಮುಂದೆ ತೋರಿಸುತ್ತೇನೆ ಅಂತ ಅಜ್ಜಿಗೆ ಮೊದಲೇ ಹೇಳಿ. ಅವರು ಬೇಡ ಅಂದರೆ ಬಿಟ್ಟುಬಿಡಿ, ನಿಮ್ಮದೇ ಮುಖ ಇದೆಯಲ್ಲ.